ಪರವಾಗಿಲ್ಲ ಎಂಬ ಮಾತು ಮತ್ತು ಒಂದು ಸ್ಕ್ರೂಡ್ರೈವರ್

ಕಳೆದ ವರ್ಷ ಎಂಟನೇ ತರಗತಿಗೆ ಆಮ್ಲ ಮತ್ತು ಪ್ರತ್ಯಾಮ್ಲದ ಪ್ರಯೋಗ ತೋರಿಸುತ್ತಿದ್ದೆ. ನಾನು ಕಲಿಸುವುದು ಮುಂಬೈಯ ಒಂದು ಉರ್ದು ಮಾಧ್ಯಮ ಶಾಲೆಯಲ್ಲಿ. ನಮ್ಮ ಪ್ರಯೋಗಾಲಯ ಅಂದರೆ ಒಂದು ಉದ್ದ ಮೇಜು, ಎರಡು ಕಪಾಟು, ಒಂದು ನಲ್ಲಿ, ಅಷ್ಟೇ. ಮುಂದೆ ನಿಂತ ಮಕ್ಕಳಿಗೆ ಪ್ಲಾಸ್ಟಿಕ್ ಕನ್ನಡಕ ಹಾಕಿಸಿದ್ದೆ. ನಾನು ಮಾತ್ರ ಹಾಕಿಕೊಂಡಿರಲಿಲ್ಲ. ಬೀಕರಿಗೆ ಆಸಿಡ್ ಸುರಿಯುವಾಗ ಒಬ್ಬ ಹುಡುಗಿ ಕೇಳಿಯೇ ಬಿಟ್ಟಳು: "ಟೀಚರ್, ಆಪ್ ನಹೀಂ ಪೆಹನ್ತೀಂ?" ನೀವು ಹಾಕ್ಕೊಳ್ಳಲ್ವಾ ಅಂತ. ನಾನು ನಗುತ್ತಾ, "ಪರವಾ ನಹೀಂ, ಮುಝೆ ಆದತ್ ಹೈ" ಅಂದೆ. ಪರವಾಗಿಲ್ಲ, ನನಗೆ ಅಭ್ಯಾಸ ಇದೆ.

ಆ ದಿನ ಏನೂ ಆಗಲಿಲ್ಲ. ಮುಂದಿನ ವಾರ ಮಕ್ಕಳೇ ಪ್ರಯೋಗ ಮಾಡುವ ಸರದಿ. ಅದೇ ಹುಡುಗಿ ಕನ್ನಡಕವನ್ನು ಮೇಜಿನ ಮೇಲೆ ಇಟ್ಟು ಕೆಲಸ ಶುರು ಮಾಡಿದಳು. ಯಾಕೆ ಎಂದು ಗದರಿದರೆ, "ಮುಝೆ ಭೀ ಆದತ್ ಹೋ ಗಯೀ ಟೀಚರ್" ಎಂದಳು. ಒಂದೇ ವಾರದಲ್ಲಿ ಅವಳಿಗೂ ಅಭ್ಯಾಸವಾಗಿ ಹೋಗಿತ್ತಂತೆ! ಕ್ಲಾಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ಮಕ್ಕಳಿಗೆ ಬುದ್ಧಿ ಹೇಳುವ ಮುಖ ನನಗೆ ಉಳಿದಿರಲಿಲ್ಲ. ಹಾಗಾಗಿ ಮಾರನೇ ದಿನ ಪಾಠ ಬಿಟ್ಟು ಅವರಿಗೆ ಲೂಯಿಸ್ ಸ್ಲಾಟಿನ್ ಎಂಬ ವಿಜ್ಞಾನಿಯ ಕಥೆ ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಒಂದು ಮಾತು. ನಾವು ಕನ್ನಡದಲ್ಲಿ ದಿನಕ್ಕೆ ಹತ್ತು ಸಲ ಹೇಳುವ "ಪರವಾಗಿಲ್ಲ" ಎಂಬ ಪದದೊಳಗೆ ಇರುವುದು ಫಾರ್ಸಿಯಿಂದ ಬಂದ "ಪರವಾ". ಚಿಂತೆ, ಕಾಳಜಿ ಎಂದು ಅದರ ಅರ್ಥ. ಉರ್ದುವಿನ ಬೇಪರ್ವಾ, ಲಾಪರ್ವಾ ಎಂಬ ಬೈಗುಳಗಳಲ್ಲಿರುವುದೂ ಅದೇ ಪದ. ಉರ್ದುವಿನಲ್ಲಿ ದೋಷವಾಗಿದ್ದದ್ದು ಕನ್ನಡಕ್ಕೆ ಬಂದು ಸಮಾಧಾನದ ಮಾತಾಯಿತು ನೋಡಿ. ಕನ್ನಡದಲ್ಲಿ ಇನ್ನೊಂದು ಪದವಿದೆ, ಭಂಡಧೈರ್ಯ. ಬಯ್ಯುವಾಗಲೂ ನಾವು ಅದರಲ್ಲಿ "ಧೈರ್ಯ" ಉಳಿಸಿಕೊಂಡಿದ್ದೇವೆ. ಸ್ಲಾಟಿನ್ ಕಥೆಯಲ್ಲೂ ಈ ಗೊಂದಲವೇ ಇದೆ.

ಲೂಯಿಸ್ ಸ್ಲಾಟಿನ್ ಹುಟ್ಟಿದ್ದು 1910ರಲ್ಲಿ, ಕೆನಡಾದ ವಿನ್ನಿಪೆಗ್ ಊರಿನಲ್ಲಿ. ತಂದೆ ತಾಯಿ ರಷ್ಯಾದಿಂದ ಬದುಕು ಹುಡುಕಿಕೊಂಡು ಬಂದ ಯಹೂದಿಗಳು. ಹುಡುಗ ಓದಿನಲ್ಲಿ ಚುರುಕು, 16ನೇ ವಯಸ್ಸಿಗೇ ವಿಶ್ವವಿದ್ಯಾಲಯ ಸೇರಿದ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ 1936ರಲ್ಲಿ ಡಾಕ್ಟರೇಟ್ ಪಡೆದ, ಅಲ್ಲಿ ಬಾಕ್ಸಿಂಗ್‌ನಲ್ಲೂ ಗೆದ್ದ. ನಂತರ ಶಿಕಾಗೋ, ಅಲ್ಲಿಂದ ಅಣುಬಾಂಬ್ ತಯಾರಿಸುವ ಅಮೆರಿಕದ ಗುಪ್ತ ಯೋಜನೆ. 1944ರ ಕೊನೆಗೆ ನ್ಯೂ ಮೆಕ್ಸಿಕೋದ ಲಾಸ್ ಅಲಾಮೋಸ್ ಪ್ರಯೋಗಾಲಯಕ್ಕೆ ಬಂದ. 1945ರ ಜುಲೈ 16ರಂದು ಜಗತ್ತಿನ ಮೊದಲ ಅಣುಬಾಂಬ್ ಸಿಡಿಯಿತಲ್ಲ, ಟ್ರಿನಿಟಿ ಪರೀಕ್ಷೆ, ಅದರ ಒಡಲಿನ ಪ್ಲುಟೋನಿಯಂ ಗುಂಡನ್ನು ಜೋಡಿಸಿದ ಕೈಗಳಲ್ಲಿ ಸ್ಲಾಟಿನ್ ಕೈಯೂ ಒಂದು. ಅಂದರೆ ಈತ ಏನೂ ಗೊತ್ತಿಲ್ಲದ ಅನಾಡಿ ಅಲ್ಲ. ಆ ಕೆಲಸದಲ್ಲಿ ಅವನಷ್ಟು ಪಳಗಿದವರು ಆಗ ಭೂಮಿಯ ಮೇಲೆ ಬೆರಳೆಣಿಕೆಯಷ್ಟೇ ಜನ.

ಆ ಕೆಲಸ ಏನು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಪ್ಲುಟೋನಿಯಂ ಪರಮಾಣುವಿನ ನಡುವೆ ಇರುವ ಬೀಜಕ್ಕೆ ಒಂದು ನ್ಯೂಟ್ರಾನ್ ಬಡಿದರೆ ಅದು ಒಡೆಯುತ್ತದೆ. ಒಡೆದಾಗ ಶಕ್ತಿ ಹೊರಬರುತ್ತದೆ, ಜೊತೆಗೆ ಎರಡು ಮೂರು ಹೊಸ ನ್ಯೂಟ್ರಾನ್‌ಗಳು. ಅವು ಅಕ್ಕಪಕ್ಕದ ಪರಮಾಣುಗಳನ್ನು ಒಡೆಯಬಹುದು, ಇಲ್ಲವೇ ಗುಂಡಿನಿಂದ ಹೊರಗೆ ಹಾರಿ ಹೋಗಬಹುದು. ಮೊಹಲ್ಲಾದಲ್ಲಿ ಗಾಳಿಸುದ್ದಿ ಹಬ್ಬುವುದನ್ನು ನೆನಪಿಸಿಕೊಳ್ಳಿ. ಒಬ್ಬಳು ಇಬ್ಬರಿಗೆ ಹೇಳುತ್ತಾಳೆ, ಆ ಇಬ್ಬರು ನಾಲ್ವರಿಗೆ. ಆದರೆ ಕೇಳಿದವರಲ್ಲಿ ಹೆಚ್ಚಿನವರು ಬಸ್ಸು ಹತ್ತಿ ಊರು ಬಿಟ್ಟು ಹೋದರೆ ಸುದ್ದಿ ಅಲ್ಲಿಗೇ ಸಾಯುತ್ತದೆ. ಊರಿನ ಬಾಗಿಲು ಮುಚ್ಚಿ ಯಾರನ್ನೂ ಹೊರಗೆ ಬಿಡದಿದ್ದರೆ? ಸಂಜೆಯೊಳಗೆ ಊರಿಗೆ ಊರೇ ಗಲಾಟೆ. ಹೊರಗೆ ಹೋಗುವ ನ್ಯೂಟ್ರಾನ್‌ಗಳಿಗೂ ಒಳಗೆ ಹುಟ್ಟುವ ನ್ಯೂಟ್ರಾನ್‌ಗಳಿಗೂ ಲೆಕ್ಕ ಸಮವಾಗಿ, ಸರಪಳಿ ತನ್ನಿಂದ ತಾನೇ ನಡೆದುಕೊಂಡು ಹೋಗುವ ಹಂತಕ್ಕೆ ಕ್ರಿಟಿಕಲ್ ಸ್ಥಿತಿ ಎನ್ನುತ್ತಾರೆ.

ಲಾಸ್ ಅಲಾಮೋಸ್‌ನಲ್ಲಿದ್ದ ಆ ಗುಂಡು 6.2 ಕಿಲೋ ತೂಕದ್ದು, ಅಡ್ಡಳತೆ ಸುಮಾರು 9 ಸೆಂಟಿಮೀಟರ್. ಒಂದು ದೊಡ್ಡ ಮೋಸಂಬಿಯಷ್ಟು ಅಂದುಕೊಳ್ಳಿ. ಅದನ್ನು ಬರಿದೇ ಇಟ್ಟರೆ ತೊಂದರೆಯಿಲ್ಲ, ಬೇಕಾದಷ್ಟು ನ್ಯೂಟ್ರಾನ್ ಹೊರಗೆ ಸೋರುತ್ತವೆ. ಸುತ್ತ ಬೆರಿಲಿಯಂನಂಥ ಲೋಹ ಮುಚ್ಚಿದರೆ ಹೊರಟ ನ್ಯೂಟ್ರಾನ್‌ಗಳು ಕನ್ನಡಿಗೆ ಬಡಿದ ಬೆಳಕಿನಂತೆ ವಾಪಸ್ಸು ಬರುತ್ತವೆ. ಸ್ಲಾಟಿನ್ ಮಾಡುತ್ತಿದ್ದದ್ದು ಇಷ್ಟೇ. ಬೆರಿಲಿಯಂನ ಎರಡು ಅರ್ಧಗೋಳದ ಬಟ್ಟಲುಗಳು. ಕೆಳಗಿನ ಬಟ್ಟಲಿನಲ್ಲಿ ಗುಂಡು ಇಟ್ಟು, ಮೇಲಿನ ಬಟ್ಟಲನ್ನು ಮೆಲ್ಲಗೆ ಇಳಿಸುತ್ತಾ ಬರುವುದು. ಎಷ್ಟು ಸಂದು ಉಳಿದಾಗ ಎಷ್ಟು ನ್ಯೂಟ್ರಾನ್ ಎಂದು ಯಂತ್ರ ಎಣಿಸುತ್ತದೆ. ಕ್ರಿಟಿಕಲ್ ಸ್ಥಿತಿಯ ಹೊಸ್ತಿಲವರೆಗೆ ಹೋಗಬೇಕು, ದಾಟಬಾರದು. ಮಲಗಿದ ಡ್ರ್ಯಾಗನ್ನಿನ ಬಾಲಕ್ಕೆ ಕಚಗುಳಿ ಇಡುವ ಆಟ ಎಂದು ಅಲ್ಲಿನವರೇ ಇದಕ್ಕೆ ಹೆಸರಿಟ್ಟಿದ್ದರು.

ಎರಡು ಬಟ್ಟಲು ಪೂರ್ತಿ ಮುಚ್ಚಿಕೊಳ್ಳದಂತೆ ನಡುವೆ ತಡೆಬಿಲ್ಲೆಗಳನ್ನು ಇಡಬೇಕು ಎಂಬುದು ನಿಯಮ. ಕೈ ಜಾರಿದರೂ ಬಟ್ಟಲು ಬಿಲ್ಲೆಯ ಮೇಲೆ ಕೂರುತ್ತದೆ. ಸ್ಲಾಟಿನ್ ಆ ಬಿಲ್ಲೆಗಳನ್ನು ತೆಗೆದುಬಿಡುತ್ತಿದ್ದ. ಎಡಗೈಯ ಹೆಬ್ಬೆರಳನ್ನು ಮೇಲಿನ ಬಟ್ಟಲಿನ ತೂತಿಗೆ ಸಿಕ್ಕಿಸಿ, ಬಲಗೈಯಲ್ಲಿ ಒಂದು ಸ್ಕ್ರೂಡ್ರೈವರ್ ಹಿಡಿದು, ಅದರ ಚಪ್ಪಟೆ ತುದಿಯನ್ನು ಸಂದಿಯಲ್ಲಿ ತೂರಿಸಿ, ಹೊರಳಿಸುತ್ತಾ ಸಂದನ್ನು ಹಿಗ್ಗಿಸಿ ಕುಗ್ಗಿಸುತ್ತಿದ್ದ. ಜೀನ್ಸ್ ಪ್ಯಾಂಟು, ಕೌಬಾಯ್ ಬೂಟು. ಜನ ಸುತ್ತ ನಿಂತು ನೋಡುತ್ತಿದ್ದರು. ಹೀಗೆ ಹತ್ತು ಹನ್ನೆರಡು ಸಲ ಮಾಡಿ ಗೆದ್ದಿದ್ದ.

ಅವನಿಗೆ ಎಚ್ಚರಿಕೆ ಹೇಳಿದವರು ಇರಲಿಲ್ಲವೇ? ಇದ್ದರು, ಅದೂ ಸಾಮಾನ್ಯರಲ್ಲ. ಎನ್ರಿಕೋ ಫರ್ಮಿ, 1942ರಲ್ಲಿ ಶಿಕಾಗೋದಲ್ಲಿ ಮೊಟ್ಟಮೊದಲ ಅಣು ರಿಯಾಕ್ಟರ್ ನಡೆಸಿದವನು, ನೊಬೆಲ್ ಪುರಸ್ಕೃತ. ಹೀಗೇ ಮಾಡುತ್ತಿದ್ದರೆ ಒಂದು ವರ್ಷದೊಳಗೆ ಸಾಯುತ್ತೀರಿ ಎಂದು ಆತ ಸ್ಲಾಟಿನ್‌ಗೂ ಅವನ ಜೊತೆಗಾರರಿಗೂ ನೇರವಾಗಿ ಹೇಳಿದ್ದನೆಂದು ಆ ಕಾಲದವರು ನೆನೆದಿದ್ದಾರೆ.

ಫರ್ಮಿಯ ಮಾತಿಗಿಂತ ದೊಡ್ಡ ಎಚ್ಚರಿಕೆ ಅವನ ಕಣ್ಣೆದುರೇ ನಡೆದಿತ್ತು. 1945ರ ಆಗಸ್ಟ್ 21ರ ರಾತ್ರಿ. ಜಪಾನ್ ಶರಣಾಗಿ ಇನ್ನೂ ಒಂದು ವಾರವಾಗಿತ್ತಷ್ಟೇ. ಸ್ಲಾಟಿನ್ನನ ಜೊತೆ ಕೆಲಸ ಮಾಡುತ್ತಿದ್ದ ಹ್ಯಾರಿ ಡಾಗ್ಲಿಯನ್ ಎಂಬ 24ರ ಹುಡುಗ ಊಟ ಮುಗಿಸಿ, ನಿಯಮಕ್ಕೆ ವಿರುದ್ಧವಾಗಿ ಒಬ್ಬನೇ ಪ್ರಯೋಗಾಲಯಕ್ಕೆ ವಾಪಸ್ಸು ಬಂದ. ಕೋಣೆಯಲ್ಲಿ ಒಬ್ಬ ಕಾವಲುಗಾರ ಬಿಟ್ಟರೆ ಬೇರೆ ಯಾರೂ ಇಲ್ಲ. ಇದೇ ಗುಂಡಿನ ಸುತ್ತ ಟಂಗ್‌ಸ್ಟನ್ ಕಾರ್ಬೈಡ್‌ನ ಭಾರದ ಇಟ್ಟಿಗೆಗಳನ್ನು ಒಂದೊಂದಾಗಿ ಪೇರಿಸುತ್ತಿದ್ದ. ಕೊನೆಯ ಇಟ್ಟಿಗೆ ತಂದಾಗ ಯಂತ್ರ ಅಪಾಯ ಎಂದಿತು. ಗಾಬರಿಯಲ್ಲಿ ಕೈ ಹಿಂದೆಳೆಯುವಾಗ ಇಟ್ಟಿಗೆ ಜಾರಿ ಗುಂಡಿನ ಮೇಲೇ ಬಿತ್ತು. ಇಟ್ಟಿಗೆಯನ್ನು ಕೈಯಿಂದಲೇ ತಳ್ಳಿ, ಜೋಡಣೆಯನ್ನು ಬಿಚ್ಚಿ ಹಾಕಿದ. ಆದರೆ ವಿಕಿರಣ ಆಗಲೇ ಮೈಹೊಕ್ಕಿತ್ತು. ಕೈ ಸುಟ್ಟು, ಚರ್ಮ ಸುಲಿದು, 25 ದಿನ ನರಳಿ ತೀರಿಕೊಂಡ. ಆ ದಿನಗಳಲ್ಲಿ ಅವನ ಹಾಸಿಗೆಯ ಪಕ್ಕ ಗಂಟೆಗಟ್ಟಲೆ ಕೂತವರಲ್ಲಿ ಸ್ಲಾಟಿನ್ ಒಬ್ಬ.

ಮಕ್ಕಳಿಗೆ ಹೇಳುವಾಗ ನಾನು ಇಲ್ಲಿ ನಿಂತೆ. ಓದುಗರೂ ನಿಲ್ಲಬೇಕು ಅಂತ ನನ್ನ ಆಸೆ. ಗೆಳೆಯ ಸಾಯುವುದನ್ನು ಹತ್ತಿರದಿಂದ ನೋಡಿದವನು, ಅದೇ ಗುಂಡನ್ನು ಮತ್ತೆ ಸ್ಕ್ರೂಡ್ರೈವರ್ ಹಿಡಿದು ಮುಟ್ಟುತ್ತಾನೆ ಅಂದರೆ ಏನರ್ಥ? ಮೂರ್ಖ ಎಂದುಬಿಡುವುದು ಸುಲಭ. ಸಾವಿನ ನಂತರ ಸಂಸ್ಥೆಯೂ ಸುಮ್ಮನಿರಲಿಲ್ಲ. ಸಮಿತಿ ಮಾಡಿತು, ಕನಿಷ್ಠ ಇಬ್ಬರು ಇರಬೇಕು, ಸದ್ದು ಮಾಡುವ ಎರಡು ಅಳತೆ ಯಂತ್ರ ಇರಬೇಕು ಎಂದು ನಿಯಮ ಬರೆಯಿತು, ದೂರದಿಂದಲೇ ನಡೆಸುವ ಸಾಧನದ ಮಾತುಕತೆಯೂ ಶುರುವಾಯಿತು. ನಿಯಮ ಕಾಗದದ ಮೇಲೆ ಇತ್ತು, ಕೈಗಳು ಹಳೆಯ ರೀತಿಯಲ್ಲೇ ಇದ್ದವು. ಸ್ಲಾಟಿನ್ ಬಹುಶಃ ಹೀಗೆ ಯೋಚಿಸಿದ್ದಾನು: ಹ್ಯಾರಿ ಒಬ್ಬನೇ ಇದ್ದ, ರಾತ್ರಿ ಬಂದ, ಇಟ್ಟಿಗೆ ಭಾರ. ನಾನು ಹಗಲು ಮಾಡುತ್ತೇನೆ, ಜನರ ಮುಂದೆ ಮಾಡುತ್ತೇನೆ, ನನ್ನ ಕೈ ನಡುಗುವುದಿಲ್ಲ. ಇನ್ನೊಬ್ಬರ ಅಪಘಾತದಲ್ಲಿ ನಮಗೆ ಅನ್ವಯಿಸದ ಒಂದು ಕಾರಣ ಹುಡುಕುವುದರಲ್ಲಿ ನಾವೆಲ್ಲ ಹುಷಾರು. ಹೆಲ್ಮೆಟ್ ಇಲ್ಲದೆ ಬಿದ್ದವನ ಸುದ್ದಿ ಓದಿ "ಅವನು ಸ್ಪೀಡಲ್ಲಿ ಹೋಗಿರಬೇಕು" ಅನ್ನುತ್ತೇವಲ್ಲ, ಹಾಗೆ.

ಅವನ ಸ್ವಭಾವದ ಇನ್ನೊಂದು ಕಥೆಯನ್ನೂ ಹೇಳುತ್ತಾರೆ. ಟೆನೆಸ್ಸಿಯ ಓಕ್ ರಿಜ್‌ನಲ್ಲಿ ರಿಯಾಕ್ಟರಿನ ನೀರಿನ ಆಳದಲ್ಲಿದ್ದ ಒಂದು ಉಪಕರಣ ಕೆಟ್ಟಿತ್ತು. ರಿಯಾಕ್ಟರ್ ನಿಲ್ಲಿಸಲು ಒಂದು ದಿನ ಕಾಯಬೇಕು. ಸ್ಲಾಟಿನ್ ಕಾಯಲಿಲ್ಲ, ಅದು ನಡೆಯುತ್ತಿರುವಾಗಲೇ ನೀರಿಗಿಳಿದು ಸರಿಮಾಡಿ ಬಂದ. ಗೆಳೆಯರು ಬೆಚ್ಚಿದರು, ಆಮೇಲೆ ಅದನ್ನೇ ಕಥೆಯಾಗಿ ಹೇಳಿಕೊಂಡರು. ಬೇಪರ್ವಾ ಮನುಷ್ಯನ ಸುತ್ತ ಅವನ ಕಥೆ ಹೇಳಿ ಸಂತೋಷಪಡುವ ಒಂದು ಗುಂಪು ಯಾವಾಗಲೂ ಇರುತ್ತದೆ. ಅವರ ಪಾಲನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

1946ರ ಮೇ 21, ಮಂಗಳವಾರ. ಯುದ್ಧ ಮುಗಿದು ಒಂಬತ್ತು ತಿಂಗಳು. ಈಗ ಯುದ್ಧದ ಅವಸರ ಎಂಬ ನೆಪವೂ ಇಲ್ಲ. ಸ್ಲಾಟಿನ್ ಈ ಕೆಲಸ ಬಿಟ್ಟು ಶಿಕಾಗೋಗೆ ಮರಳುವವನಿದ್ದ. ತನ್ನ ಜಾಗಕ್ಕೆ ಬರಲಿದ್ದ ಆಲ್ವಿನ್ ಗ್ರೇವ್ಸ್‌ಗೆ ಪ್ರಯೋಗ ಹೇಗೆ ಮಾಡುವುದು ಎಂದು ತೋರಿಸುತ್ತಿದ್ದ. ಅಂದರೆ, ಅದು ಒಂದು ಪಾಠ! ಕೋಣೆಯಲ್ಲಿ ಒಟ್ಟು ಎಂಟು ಜನ, ಗ್ರೇವ್ಸ್ ಸ್ಲಾಟಿನ್ನನ ಭುಜದ ಹಿಂದೆಯೇ. ವಿಕಿರಣ ಅಳೆಯುವ ಬ್ಯಾಡ್ಜ್ ಒಬ್ಬರ ಎದೆಯ ಮೇಲೂ ಇರಲಿಲ್ಲ. ಎಲ್ಲ ಬ್ಯಾಡ್ಜುಗಳೂ ಸೀಸದ ಪೆಟ್ಟಿಗೆಯಲ್ಲಿ ಭದ್ರವಾಗಿದ್ದವು.

ಮಧ್ಯಾಹ್ನ 3 ಗಂಟೆ 20 ನಿಮಿಷದ ಸುಮಾರಿಗೆ ಸ್ಕ್ರೂಡ್ರೈವರ್ ಒಂದಿಷ್ಟು ಜಾರಿತು. ಮೇಲಿನ ಬಟ್ಟಲು ಕೆಳಗಿನದರ ಮೇಲೆ ಕೂತಿತು. ಕೋಣೆಯ ಗಾಳಿಯಲ್ಲಿ ನೀಲಿ ಬೆಳಕು ಮಿಂಚಿತು, ಬಿಸಿಯ ಅಲೆ ಮೈಗೆ ತಾಗಿತು. ಸ್ಲಾಟಿನ್ ಎಡಗೈಯನ್ನು ಝಾಡಿಸಿ ಮೇಲಿನ ಬಟ್ಟಲನ್ನು ನೆಲಕ್ಕೆ ಎಸೆದ.

ಮನುಷ್ಯನ ಕೈ ಎಷ್ಟೇ ಚುರುಕಾಗಿರಲಿ, ಇಲ್ಲಿ ಅದಕ್ಕೆ ಗೆಲ್ಲಲು ಸಾಧ್ಯವೇ ಇರಲಿಲ್ಲ ಎಂಬುದನ್ನು ನಾವು ಅರ್ಥಮಾಡಿಕೊಳ್ಳಬೇಕು. ಪರಮಾಣು ಒಡೆದಾಗ ಬರುವ ನ್ಯೂಟ್ರಾನ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಆ ಕ್ಷಣದಲ್ಲೇ ಬರುತ್ತವೆ. ಒಂದು ಚಿಕ್ಕ ಪಾಲು ಮಾತ್ರ, ಪ್ಲುಟೋನಿಯಂನಲ್ಲಿ ಸುಮಾರು ಶೇಕಡಾ 0.2, ಸೆಕೆಂಡುಗಳಷ್ಟು ತಡವಾಗಿ ಬರುತ್ತವೆ. ರಿಯಾಕ್ಟರುಗಳನ್ನು ಮನುಷ್ಯ ನಿಯಂತ್ರಿಸಲು ಆಗುವುದು ಈ ತಡವಾಗಿ ಬರುವವರ ದಯೆಯಿಂದ. ಸರಪಳಿಗೆ ಅವುಗಳ ಸಹಾಯ ಬೇಕಿರುವವರೆಗೆ ಎಲ್ಲವೂ ನಿಧಾನವಾಗಿ ಏರುತ್ತದೆ, ನಮಗೆ ಕೈ ಹಿಂದೆಗೆಯಲು ಸಮಯ ಸಿಗುತ್ತದೆ. ಅವುಗಳ ಹಂಗೇ ಬೇಡ ಎಂಬಷ್ಟು ಬಾಗಿಲು ಮುಚ್ಚಿಕೊಂಡರೆ ಸರಪಳಿ ಕಣ್ಣು ಮಿಟುಕಿಸುವುದರ ಸಾವಿರದ ಒಂದು ಪಾಲಿನಲ್ಲೂ ಎಷ್ಟೋ ಪಟ್ಟು ಬೆಳೆಯುತ್ತದೆ. ಈ ಎರಡು ಸ್ಥಿತಿಗಳ ನಡುವಿನ ಅಂತರವನ್ನು ಸ್ಲಾಟಿನ್ ಸ್ಕ್ರೂಡ್ರೈವರ್ ತುದಿಯ ಮೇಲೆ ಹಿಡಿದಿದ್ದ. ಅವನ ಹುನರ್ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ತಪ್ಪಾದ ಮೇಲೆ ತಿದ್ದಿಕೊಳ್ಳಲು ಸಮಯ ಇರುವ ಕೆಲಸದಲ್ಲಿ ಮಾತ್ರ ಹುನರ್ ಕಾಪಾಡುತ್ತದೆ.

ಹಾಗೆ ನೋಡಿದರೆ ಸರಪಳಿಯನ್ನು ಮೊದಲು ನಿಲ್ಲಿಸಿದ್ದು ಅವನ ಕೈಯೂ ಅಲ್ಲ. ಗುಂಡು ತಾನೇ ಕಾದು ಹಿಗ್ಗಿದ್ದರಿಂದ ಅದು ತಗ್ಗಿತು. ಬಟ್ಟಲನ್ನು ಎಸೆದದ್ದರಿಂದ ಮತ್ತೆ ಏರುವುದು ತಪ್ಪಿತು. ಅದು ಸಣ್ಣ ಉಪಕಾರವಲ್ಲ. ಅವನ ಮೈಯೇ ಅಡ್ಡವಿದ್ದದ್ದರಿಂದ ಹಿಂದಿನವರಿಗೆ ಬಿದ್ದ ಪೆಟ್ಟೂ ಕಡಿಮೆಯಾಯಿತು. ಪ್ರಾಣ ಕೊಟ್ಟು ಜೊತೆಗಾರರನ್ನು ಉಳಿಸಿದ ವೀರ ಎಂದು ಅಧಿಕೃತವಾಗಿ ಹೊಗಳಿದರು. ಹೊಗಳಿಕೆ ಸುಳ್ಳಲ್ಲ, ಪೂರ್ತಿಯೂ ಅಲ್ಲ. ಆ ಏಳು ಜನರನ್ನು ಅಪಾಯಕ್ಕೆ ಒಡ್ಡಿದ್ದೂ ಅವನೇ ತಾನೇ?

ಕಟ್ಟಡದಿಂದ ಹೊರಬರುತ್ತಲೇ ಅವನಿಗೆ ವಾಂತಿ ಶುರುವಾಯಿತು. ಡಾಗ್ಲಿಯನ್ ಪಕ್ಕ ಕೂತು ನೋಡಿದ್ದರಿಂದ ಮುಂದೆ ಏನಾಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆಗಲೂ ಅವನು ಮಾಡಿದ ಒಂದು ಕೆಲಸ ನನ್ನನ್ನು ಕಾಡುತ್ತದೆ. ಯಾರು ಎಲ್ಲಿ ನಿಂತಿದ್ದರು ಎಂದು ಒಂದು ನಕ್ಷೆ ಬರೆದ. ಯಾರಿಗೆ ಎಷ್ಟು ವಿಕಿರಣ ತಾಗಿದೆ ಎಂದು ಲೆಕ್ಕ ಹಾಕಲು ವೈದ್ಯರಿಗೆ ಅದು ಬೇಕಿತ್ತು. ವಿನ್ನಿಪೆಗ್‌ನಿಂದ ಅಪ್ಪ ಅಮ್ಮನನ್ನು ಸೇನೆಯ ವಿಮಾನದಲ್ಲಿ ಕರೆಸಿದರು. ಕೈಗಳು ಊದಿ ಬೊಬ್ಬೆ ಎದ್ದವು, ಹೊಟ್ಟೆ ಕರುಳು ಕೆಲಸ ನಿಲ್ಲಿಸಿದವು. ಒಂಬತ್ತನೇ ದಿನ, ಮೇ 30ರಂದು ಪ್ರಾಣ ಹೋಯಿತು. ವಯಸ್ಸು 35.

ಒಂದೇ ಗುಂಡು, ಎರಡು ಸಾವು, ಎರಡೂ 21ನೇ ತಾರೀಕು, ಎರಡೂ ಮಂಗಳವಾರ. ಸಾಲದೇ? ಗುಂಡಿಗೆ "ಡೀಮನ್ ಕೋರ್" ಎಂದು ಹೆಸರು ಬಿತ್ತು, ದೆವ್ವದ ಗುಂಡು. ನನಗೆ ಈ ಹೆಸರು ಹಿಡಿಸುವುದಿಲ್ಲ. ದೆವ್ವ ಅಂದುಬಿಟ್ಟರೆ ಮನುಷ್ಯರೆಲ್ಲ ಬಚಾವ್. ಇನ್ನೊಂದು ವಿಷಯವನ್ನೂ ಈ ಹೆಸರು ಮುಚ್ಚುತ್ತದೆ. ಜಪಾನ್ ಆಗಸ್ಟ್ ಮಧ್ಯದಲ್ಲಿ ಶರಣಾಗದೆ ಇದ್ದಿದ್ದರೆ ಆ ಗುಂಡು ಮೂರನೇ ಬಾಂಬಿನೊಳಗೆ ಕೂರುತ್ತಿತ್ತು. ಹಿರೋಶಿಮಾ, ನಾಗಾಸಾಕಿಯಲ್ಲಿ ಇದೇ ವಿಕಿರಣದಿಂದ ಸತ್ತವರ ಹಾಸಿಗೆಯ ಪಕ್ಕ ನಕ್ಷೆ ಬರೆಯುವವರು ಯಾರೂ ಇರಲಿಲ್ಲ. ಕೊನೆಗೆ 1946ರಲ್ಲೇ ಗುಂಡನ್ನು ಕರಗಿಸಿ ಬೇರೆ ಕೆಲಸಕ್ಕೆ ಬಳಸಿದರು. ಕೈಯಲ್ಲಿ ಮಾಡುವ ಇಂಥ ಪ್ರಯೋಗಗಳನ್ನು ಅಲ್ಲಿಗೇ ನಿಲ್ಲಿಸಿದರು. ಮುಂದೆ ಎಲ್ಲವೂ ಟಿವಿ ಕ್ಯಾಮೆರಾ ನೋಡುತ್ತಾ, ಸುಮಾರು ಕಾಲು ಮೈಲಿ ದೂರದ ಕೋಣೆಯಿಂದ.

ಕಥೆ ಮುಗಿಸಿ ನಾನು ಕಪಾಟಿನಿಂದ ಒಂದು ಕನ್ನಡಕ ತೆಗೆದು ಹಾಕಿಕೊಂಡೆ. ಅದರ ಪಟ್ಟಿ ಬಿಗಿ, ದುಪಟ್ಟಾದ ಮೇಲೆ ಸರಿಯಾಗಿ ಕೂರುವುದಿಲ್ಲ, ಮೂಗಿನ ಮೇಲೆ ಗುರುತು ಬೀಳುತ್ತದೆ. ಈಗ ಅಭ್ಯಾಸವಾಗಿದೆ ಅನ್ನಲಾರೆ, ಪ್ರತಿಸಲವೂ ಕಿರಿಕಿರಿಯೇ.

ಹಿಂದಿನ ಬೆಂಚಿನ ಹುಡುಗನೊಬ್ಬ ಒಂದು ಪ್ರಶ್ನೆ ಕೇಳಿದ. ಭುಜದ ಹಿಂದೆ ನಿಂತಿದ್ದವನು, ಕಲಿಯೋಕೆ ಬಂದಿದ್ದವನು ಏನಾದ?

ಗ್ರೇವ್ಸ್ ಬದುಕಿದ. ಕೆಲವು ವಾರ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡ, ಕೆಲಸಕ್ಕೆ ಮರಳಿದ, ಮೇಲೇರಿದ. 1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿಯಲ್ಲಿ ಅಮೆರಿಕ "ಬ್ರಾವೋ" ಎಂಬ ಹೈಡ್ರೋಜನ್ ಬಾಂಬ್ ಸಿಡಿಸಿದಾಗ ಅಲ್ಲಿನ ವೈಜ್ಞಾನಿಕ ಮುಖ್ಯಸ್ಥ ಅವನೇ. ಹಿಂದಿನ ರಾತ್ರಿ ಹವಾಮಾನದವರು ಗಾಳಿ ಅನುಕೂಲವಾಗಿಲ್ಲ, ಜನ ಇರುವ ದ್ವೀಪಗಳ ಕಡೆ ತಿರುಗುತ್ತಿದೆ ಎಂದು ವರದಿ ಕೊಟ್ಟಿದ್ದರು. ಆದರೂ ಮುಂದುವರಿದರು. ಬಾಂಬ್ 6 ಮೆಗಾಟನ್ನಿನ ಆಸುಪಾಸು ಇರುತ್ತದೆಂದು ಅಂದಾಜಿಸಿದ್ದರು, ಸಿಡಿದದ್ದು 15 ಮೆಗಾಟನ್. ವಿಕಿರಣದ ಬೂದಿ ಜಪಾನಿನ ಒಂದು ಮೀನುಗಾರಿಕೆ ದೋಣಿಯ 23 ಜನರ ಮೇಲೆ ಬಿತ್ತು. ಅವರಲ್ಲಿ ರೇಡಿಯೋ ನೋಡಿಕೊಳ್ಳುತ್ತಿದ್ದವನು ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ರಾಂಗೆಲಾಪ್ ದ್ವೀಪದ ಮೇಲೆ ಬೂದಿ ಬಿಳಿ ಪುಡಿಯಾಗಿ ಉದುರಿತು. ಏನೆಂದು ಯಾರಿಗೂ ಹೇಳಿರಲಿಲ್ಲ, ಮಕ್ಕಳು ಅದರಲ್ಲಿ ಆಡಿದರು. ಅವರನ್ನು ಅಲ್ಲಿಂದ ಕರೆದೊಯ್ಯಲು ಹಡಗು ಬಂದದ್ದು ಎರಡು ದಿನ ಕಳೆದ ಮೇಲೆ.